ಮೂರು–ನಾಲ್ಕರ ನಡಿಗೆಯಲ್ಲಿ ಕರ್ಣನ ಕಣ್ಣೀರು

ಹೈಸ್ಕೂಲಿನಲ್ಲಿ ನಾವೆಲ್ಲ ಪ್ರಸ್ತಾರ ಹಾಕಿದವರೇ. ಲಘುವಿಗೆ ಅರ್ಧಚಂದ್ರ, ಗುರುವಿಗೆ ಅಡ್ಡಗೆರೆ, ಗಣಗಣದ ನಡುವೆ ಒಂದು ಕಡ್ಡಿ. ಕೊನೆಗೆ ‘ಭಾಮಿನಿ ಷಟ್ಪದಿ’ ಎಂದು ಬರೆದರೆ ಅಂಕ ಸಿಗುತ್ತಿತ್ತು. ಪದ್ಯ ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ.

ಷಟ್ಪದಿಯಲ್ಲಿ ದೊಡ್ಡ ಕಾವ್ಯ ಕಟ್ಟಿ ದಾರಿ ತೋರಿದವನು ರಾಘವಾಂಕ. ಭಾಮಿನಿಯನ್ನು ಕನ್ನಡಿಗರ ನಾಲಗೆಗೆ ತಂದವನು ಗದುಗಿನ ಕುಮಾರವ್ಯಾಸ. ಇದರ ಲೆಕ್ಕ ಸರಳ: ಮೂರು, ನಾಲ್ಕು, ಮೂರು, ನಾಲ್ಕು ಎಂದು ಸಾಗುವ 14 ಮಾತ್ರೆಗಳ ನಾಲ್ಕು ಸಾಲುಗಳು, ಮೂರನೆಯದೂ ಆರನೆಯದೂ 23 ಮಾತ್ರೆಗಳ ಉದ್ದ ಸಾಲುಗಳು, ತುದಿಯಲ್ಲೊಂದು ಗುರು. ಒಟ್ಟು 102 ಮಾತ್ರೆ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಪ್ರಾಸ. ಕವಿಯ ಇಷ್ಟದೈವದ ಹೆಸರನ್ನೇ ಹೇಳಿ ನೋಡಿ: ಗದುಗಿನ, ವೀರ, ನಾರಾ, ಯಣನ. ನಾಲ್ಕು, ಮೂರು, ನಾಲ್ಕು, ಮೂರು! ನಾಲ್ಕರಿಂದ ಶುರುವಾದರೂ ಆ ದೇವರ ಹೆಸರಲ್ಲೇ ಈ ನಡಿಗೆ ಇದೆ.

ಕುಮಾರವ್ಯಾಸನ ಗದುಗಿನ ಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅದನ್ನು ಕೇಳಿದ ಕರ್ಣನ ಸ್ಥಿತಿಯನ್ನು ಹೇಳುವ ಪದ್ಯ ತೆಗೆಯಿರಿ. ಮೊದಲೆರಡು ಗಿಡ್ಡ ಸಾಲುಗಳಲ್ಲಿ ಕೊರಳು ಉಬ್ಬುತ್ತದೆ, ಕಣ್ಣೀರು ಒತ್ತರಿಸುತ್ತದೆ. ಎರಡನೆಯ ಸಾಲಿನ ತುದಿಯಲ್ಲಿ ದೀರ್ಘ ಸ್ವರದ ಒಂದು ಉದ್ಗಾರ. ಅಲ್ಲಿ ಉಸಿರು ಕಟ್ಟುತ್ತದೆ. ಆಮೇಲೆ ಉದ್ದದ ಮೂರನೆಯ ಸಾಲಿನಲ್ಲಿ ಮನಸ್ಸು ಬಾಯಿ ಬಿಡುತ್ತದೆ. ಅಲ್ಲಿರುವುದು ತಾನು ಅರಸನಾದೇನೆಂಬ ಹಿಗ್ಗಲ್ಲ; ದುರ್ಯೋಧನನಿಗೆ ಕೇಡಾಯಿತಲ್ಲ ಎಂಬ ಸಂಕಟ. ಮೈಯ ಮಾತು ಗಿಡ್ಡ ಸಾಲಿಗೆ, ಮನಸ್ಸಿನ ಮಾತು ಉದ್ದ ಸಾಲಿಗೆ. ಛಂದಸ್ಸು ಇಲ್ಲಿ ಭಾವದ ಉಸಿರಾಟವೇ ಆಗಿದೆ.

ವಿರಾಟಪರ್ವದಲ್ಲಿ ಹೆಂಗಳೆಯರ ಮುಂದೆ ಉತ್ತರಕುಮಾರ ಕೊಚ್ಚಿಕೊಳ್ಳುವುದೂ ಇದೇ 102 ಮಾತ್ರೆಗಳಲ್ಲಿ. ಅಲ್ಲಿ ಆಡುಮಾತು ಗಣಗಳ ಮೇಲೆ ಹಾರಿ ಕುಣಿಯುತ್ತದೆ, ನಗು ಉಕ್ಕುತ್ತದೆ. ಅಚ್ಚು ಒಂದೇ, ಪದಗಳ ಆಯ್ಕೆಯಿಂದ, ವಾಕ್ಯ ಎಲ್ಲಿ ನಿಲ್ಲುತ್ತದೆ ಎಂಬುದರಿಂದ ರಸ ಬದಲಾಗುತ್ತದೆ. ಹೊಸಹಳ್ಳಿ ಕೇಶವಮೂರ್ತಿಯವರ ಗಮಕ ವಾಚನ, ಮತ್ತೂರು ಕೃಷ್ಣಮೂರ್ತಿಯವರ ವ್ಯಾಖ್ಯಾನ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಮಕಿ ಗಣಕ್ಕೆ ಅಂಟಿಕೊಳ್ಳುವುದಿಲ್ಲ. ಅರ್ಥ ನೋಡಿ ಪದ ಬಿಡಿಸುತ್ತಾನೆ, ಭಾವ ನೋಡಿ ರಾಗ ಹಿಡಿಯುತ್ತಾನೆ.

ಈ ಭಾನುವಾರ ಗದುಗಿನ ಭಾರತದ ಒಂದು ಪದ್ಯವನ್ನು ಮಕ್ಕಳ ಜೊತೆ ಕೂತು ಮೂರು ಸಲ ಗಟ್ಟಿಯಾಗಿ ಓದಿ. ಮೊದಲು ಅರ್ಥಕ್ಕಾಗಿ, ಆಮೇಲೆ ಕೈತಟ್ಟಿ ಮೂರು–ನಾಲ್ಕು ಎಣಿಸುತ್ತ, ಕೊನೆಗೆ ಎಣಿಕೆ ಬಿಟ್ಟು. ಪ್ರಸ್ತಾರವನ್ನು ಆಮೇಲೆ ಹಾಕಿಸಿ.