ಎಂಟು ಮೆಟ್ಟಿಲ ಏಣಿ ಮತ್ತು ಮಕ್ಕಳ ಮಾತು

ನವೆಂಬರ್ 14 ಬಂತೆಂದರೆ ನಮ್ಮಲ್ಲಿ ಮಕ್ಕಳಿಗೆ ವೇದಿಕೆ ಸಿಗುತ್ತದೆ. ಸ್ವಾಗತ ಗೀತೆ, ಹೂಗುಚ್ಛ, ಪುಟ್ಟ ಹುಡುಗನೊಬ್ಬನ ಕೋಟಿಗೆ ಸಿಕ್ಕಿಸಿದ ಕೆಂಪು ಗುಲಾಬಿ. ಏಳನೇ ತರಗತಿಯಲ್ಲಿದ್ದಾಗ ಅಂಥದೊಂದು ಸಮಾರಂಭದಲ್ಲಿ 'ನಮ್ಮ ಬೇಡಿಕೆಗಳು' ಎಂಬ ಭಾಷಣ ಮಾಡಿದ್ದು ನನಗೂ ನೆನಪಿದೆ. ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೆ. ಅದರಲ್ಲಿ 'ಸರ್ವಾಂಗೀಣ ವಿಕಾಸ' ಎಂಬ ಮಾತಿತ್ತು. ನಮ್ಮ ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲ ಎಂಬ ಮಾತಿರಲಿಲ್ಲ. ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು.

ಇಂಥ ಭಾಷಣಗಳನ್ನು ಅಳೆಯಲು ಒಂದು ಅಳತೆಗೋಲಿದೆ. ಅದನ್ನು ಮಾಡಿಕೊಟ್ಟವರು ರೋಜರ್ ಹಾರ್ಟ್. ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಇವರು ಓದಿದ್ದು ಭೂಗೋಳಶಾಸ್ತ್ರ. ನದಿ, ಪರ್ವತ, ಮಳೆಯ ಪ್ರಮಾಣಗಳನ್ನು ಲೆಕ್ಕ ಹಾಕುವ ಶಾಸ್ತ್ರಕ್ಕೂ ಮಕ್ಕಳ ಹಕ್ಕಿಗೂ ಎತ್ತಣಿಂದೆತ್ತಣ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇರುವುದು ಕಾಲುದಾರಿಯಲ್ಲಿ.

1970ರ ದಶಕದಲ್ಲಿ ಹಾರ್ಟ್ ಅಮೆರಿಕದ ವರ್ಮಾಂಟ್ ರಾಜ್ಯದ ಸಣ್ಣ ಊರೊಂದಕ್ಕೆ ಹೋಗಿ ಅಲ್ಲಿನ 86 ಮಕ್ಕಳ ಹಿಂದೆ ಸುತ್ತಿದರು. ಮಕ್ಕಳು ಮನೆಯಿಂದ ಎಷ್ಟು ದೂರ ಹೋಗುತ್ತಾರೆ? ಯಾವ ಗಡಿಯಾಚೆ ಹೋಗಲು ಅಪ್ಪ ಅಮ್ಮನ ಅಪ್ಪಣೆ ಬೇಕು? ಯಾವ ಒಳದಾರಿ ಹಿಡಿಯುತ್ತಾರೆ, ಯಾವ ಜಾಗಕ್ಕೆ ಹೆದರುತ್ತಾರೆ, ಎಲ್ಲಿ ಗುಡಿಸಲು ಕಟ್ಟಿ ಆಡುತ್ತಾರೆ? ಇದನ್ನೆಲ್ಲ ಮಕ್ಕಳ ಜತೆಗೇ ನಡೆದು, ಅವರನ್ನೇ ಕೇಳಿ ದಾಖಲಿಸಿದರು. 1979ರಲ್ಲಿ ಅದು ಪುಸ್ತಕವಾಯಿತು. ದೊಡ್ಡವರ ನಕ್ಷೆಯಲ್ಲಿ ಇಲ್ಲದ ಒಂದು ಊರು ಅದರಲ್ಲಿ ಕಾಣಿಸಿತು. ಗಂಡುಮಕ್ಕಳು ತಿರುಗಾಡುವ ವಲಯಕ್ಕಿಂತ ಹೆಣ್ಣುಮಕ್ಕಳದ್ದು ಚಿಕ್ಕದು ಎಂಬುದೂ ಕಂಡಿತು. (ಅಮೆರಿಕವಾದರೇನು, ಹೊಸ್ತಿಲು ಹೊಸ್ತಿಲೇ!) ಹಲವು ದಶಕಗಳ ಬಳಿಕ ಹಾರ್ಟ್ ಅದೇ ಊರಿಗೆ ಮತ್ತೆ ಹೋದರು. ಅಂದಿನ ಮಕ್ಕಳು ಈಗ ತಂದೆತಾಯಿ. ತಾವು ಸುತ್ತಿದ ಕಾಡು, ಹೊಳೆಗಳ ಕಡೆಗೆ ತಮ್ಮ ಮಕ್ಕಳನ್ನು ಒಂಟಿಯಾಗಿ ಬಿಡಲು ಅವರು ಹಿಂಜರಿಯುತ್ತಿದ್ದರು. ಮಕ್ಕಳ ವಲಯ ಕುಗ್ಗಿತ್ತು.

ಈ ಅಲೆದಾಟದಿಂದ ಹೊರಡುವ ಮಾತು ಸರಳವಾದದ್ದು. ಯಾವ ತಿರುವಿನಲ್ಲಿ ನಾಯಿ ಕಾಟ, ಯಾವ ಬಾವಿಗೆ ಕಟ್ಟೆಯಿಲ್ಲ, ಯಾವ ದಾರಿ ಕತ್ತಲಾದ ಮೇಲೆ ಬೇಡ ಎಂಬುದು ಮಕ್ಕಳಿಗೆ ಗೊತ್ತು, ಎಂಜಿನಿಯರಿಗೆ ಗೊತ್ತಿರುವುದಿಲ್ಲ. ಮಕ್ಕಳನ್ನು ಕೇಳುವುದು ಅವರ ಮೇಲಿನ ಅಕ್ಕರೆಗಾಗಿ ಮಾತ್ರವಲ್ಲ. ಬೇರೆ ಯಾರ ಬಳಿಯೂ ಇಲ್ಲದ ಮಾಹಿತಿ ಅವರ ಬಳಿ ಇದೆ.

ಅಷ್ಟರಲ್ಲಿ ಜಗತ್ತಿನ ಸರ್ಕಾರಗಳೂ ಅದೇ ದಿಕ್ಕಿಗೆ ತಿರುಗಿದ್ದವು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ ಅದರ 12ನೇ ವಿಧಿ. ಭಾರತ 1992ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಹಾರ್ಟ್ ಪಾಠ ಹೇಳಿದ ಅಮೆರಿಕ ಮಾತ್ರ ಸಹಿ ಹಾಕಿಯೂ ಇಂದಿಗೂ ಸ್ಥಿರೀಕರಿಸಿಲ್ಲ.

'ಬೆಲೆ ಕೊಡುವುದು' ಎಂದರೆ ಏನು? ಅದೇ 1992ರಲ್ಲಿ ಯುನಿಸೆಫ್ ಹಾರ್ಟ್ ಅವರಿಂದ ಬರೆಸಿದ ಕಿರುಪುಸ್ತಕದಲ್ಲಿ ಎಂಟು ಮೆಟ್ಟಿಲುಗಳ ಏಣಿಯ ಚಿತ್ರವಿತ್ತು. ಆಡಳಿತದಲ್ಲಿ ನಾಗರಿಕರ ಪಾಲು ಎಷ್ಟೆಂದು ತೋರಿಸಲು 1969ರಲ್ಲಿ ಶೆರಿ ಆರ್ನ್‌ಸ್ಟೈನ್ ಎಂಬುವರು ಬರೆದಿದ್ದ ಏಣಿಯನ್ನು ಹಾರ್ಟ್ ಮಕ್ಕಳಿಗೆ ಹೊಂದಿಸಿದರು. ಕೆಳಗಿನ ಮೂರು ಮೆಟ್ಟಿಲುಗಳು ಭಾಗವಹಿಸುವಿಕೆಯೇ ಅಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದು ಅನೇಕರಿಗೆ ಚುರುಕು ಮುಟ್ಟಿಸಿತು.

ಮೊದಲನೆಯದು ಮಕ್ಕಳನ್ನು ಬಳಸಿಕೊಳ್ಳುವುದು. ಏನು ಬರೆದಿದೆಯೆಂದೇ ತಿಳಿಯದ ಮಕ್ಕಳ ಕೈಗೆ ಮೆರವಣಿಗೆಯ ಫಲಕ ಕೊಡುವುದು ಇದರ ಉದಾಹರಣೆ. ಮಕ್ಕಳಿಂದ ಆಟದ ಮೈದಾನದ ಚಿತ್ರ ಬರೆಸಿಕೊಂಡು, ಒಳಗೊಳಗೇ ತಾವೇ ಯೋಜನೆ ಮಾಡಿ 'ಇದು ಮಕ್ಕಳದ್ದೇ' ಎಂದು ಪ್ರಕಟಿಸುವುದೂ ಇದೇ ಸಾಲಿಗೆ. ಎರಡನೆಯದು ಅಲಂಕಾರ: ಘೋಷಣೆ ಅಚ್ಚಾದ ಟೀ ಷರ್ಟು ತೊಡಿಸಿ ಕುಣಿಸುವುದು. ಮೂರನೆಯದು ತೋರಿಕೆ: ಚೂಟಿಯಾಗಿ ಮಾತಾಡುವ ನಾಲ್ಕು ಮಕ್ಕಳನ್ನು ದೊಡ್ಡವರೇ ಆರಿಸಿ ವೇದಿಕೆಗೆ ಕರೆಯುವುದು. ನನ್ನ ಚೀಟಿ ಭಾಷಣವನ್ನು ಮೂರನೆಯದಕ್ಕೆ ಸೇರಿಸೋಣ ಎಂದುಕೊಂಡೆ, ಆದರೆ ಮಾತೂ ನನ್ನದಾಗಿರಲಿಲ್ಲವಲ್ಲ!

ನಾಲ್ಕನೆಯ ಮೆಟ್ಟಿಲಿನಿಂದ ನಿಜವಾದ ಪಾಲು ಶುರು. ಕೆಲಸ ದೊಡ್ಡವರು ವಹಿಸಿದ್ದಾದರೂ ಯಾಕೆಂದು ಮಕ್ಕಳಿಗೆ ಗೊತ್ತಿರಬೇಕು. 1990ರಲ್ಲಿ ವಿಶ್ವಸಂಸ್ಥೆಯಲ್ಲಿ ನಡೆದ ಮಕ್ಕಳ ಶೃಂಗಸಭೆಯಲ್ಲಿ ಒಬ್ಬೊಬ್ಬ ನಾಯಕರಿಗೆ ಒಂದೊಂದು ಮಗು ದಾರಿ ತೋರಿಸಿದ್ದನ್ನು ಹಾರ್ಟ್ ಇದಕ್ಕೆ ಉದಾಹರಿಸುತ್ತಾರೆ. ಮೇಲೆ ಹೋದಂತೆ ಮಕ್ಕಳ ಅಭಿಪ್ರಾಯ ಕೇಳುವುದು, ನಿರ್ಧಾರದಲ್ಲಿ ಸೇರಿಸಿಕೊಳ್ಳುವುದು, ಮಕ್ಕಳೇ ಆರಂಭಿಸುವುದು ಹೀಗೆ ಸಾಗುತ್ತದೆ. ತುತ್ತತುದಿಯ ಎಂಟನೆಯದರಲ್ಲಿ ಮಕ್ಕಳು ಹೂಡಿದ ಕೆಲಸದ ನಿರ್ಧಾರಗಳಲ್ಲಿ ದೊಡ್ಡವರೂ ಪಾಲುಗೊಳ್ಳುತ್ತಾರೆ. ದೊಡ್ಡವರನ್ನು ಹೊರಗಿಡುವುದು ಆದರ್ಶವಲ್ಲ ಎಂಬುದು ಇಲ್ಲಿನ ಸೂಕ್ಷ್ಮ.

ಏಣಿ ಅಚ್ಚಾಗುವ ಮೊದಲೇ ಇಂಥ ಕೆಲಸ ಕರ್ನಾಟಕದಲ್ಲಿ ನಡೆದಿತ್ತು. ದುಡಿಯುವ ಮಕ್ಕಳ 'ಭೀಮ ಸಂಘ' ಹುಟ್ಟಿದ್ದು 1990ರಲ್ಲಿ. 1990ರ ದಶಕದ ಮಧ್ಯಭಾಗದಲ್ಲಿ 'ದಿ ಕನ್‌ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಸಂಸ್ಥೆಯ ಬೆಂಬಲದಿಂದ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದ ಕಡೆ ಮಕ್ಕಳು ತಮ್ಮದೇ ಪಂಚಾಯಿತಿಗೆ ಚುನಾವಣೆ ನಡೆಸಿದರು. ಶಾಲೆಗೆ ಹೋಗುವವರಷ್ಟೇ ಅಲ್ಲ, ದುಡಿಯುವ ಮಕ್ಕಳೂ ಅದರಲ್ಲಿದ್ದರು. ಅವರು ಎತ್ತಿದ ವಿಷಯಗಳಲ್ಲಿ ಕಾಲುಸಂಕವೂ ಒಂದು. ಕರಾವಳಿಯ ಮಳೆ ಬಲ್ಲವರಿಗೆ ವಿವರಿಸಬೇಕಿಲ್ಲ. ಜೂನ್ ಕಳೆಯುತ್ತಲೇ ಹಳ್ಳ ತುಂಬುತ್ತದೆ, ಆಚೆ ದಡದ ಮಗುವಿಗೆ ಶಾಲೆ ತಪ್ಪುತ್ತದೆ. ದೊಡ್ಡವರ ಸಭೆಯಲ್ಲಿ ಡಾಂಬರು ರಸ್ತೆಯ ಚರ್ಚೆ ನಡೆಯುವಾಗ ಎರಡಡಿ ಅಗಲದ ಸಂಕ ಯಾರಿಗೆ ನೆನಪಾಗುತ್ತದೆ?

ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಬಂತು. ಒಳ್ಳೆಯದೇ ಆಯಿತು. ಆದರೆ ಆದೇಶದ ಮೇಲೆ ನಡೆಯುವ ಸಭೆ ಕೆಳಮೆಟ್ಟಿಲಿಗೆ ಜಾರುವುದು ಸುಲಭ. ಸ್ವಾಗತ, ಅತಿಥಿಗಳ ಭಾಷಣ ಮುಗಿಯುವ ಹೊತ್ತಿಗೆ ಗಂಟೆ ಹನ್ನೆರಡಾದರೆ ಮಕ್ಕಳಿಗೆ ಉಳಿಯುವುದು ಊಟದ ಸಾಲು.

ಹಾರ್ಟ್ ಕೂಡ 2008ರ ಲೇಖನವೊಂದರಲ್ಲಿ ತಮ್ಮ ಏಣಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಜನ ಅದನ್ನು ಅಂಕಪಟ್ಟಿಯಂತೆ ಬಳಸತೊಡಗಿದ್ದು ಅವರಿಗೆ ಸರಿಬರಲಿಲ್ಲ. ಎಲ್ಲ ಮಕ್ಕಳೂ ಎಲ್ಲ ಕಾಲಕ್ಕೂ ತುದಿಗೇರಬೇಕಿಲ್ಲ, ಏರಬೇಕೆನಿಸಿದಾಗ ಏರುವ ಅವಕಾಶ ಇರಬೇಕು ಎಂಬುದು ಅವರ ನಿಲುವು. ಏಣಿಗೆ ಬೇರೆ ಆಕ್ಷೇಪಗಳೂ ಇವೆ. ಹೊಲ, ಮನೆಗಳಲ್ಲಿ ದಿನವೂ ಹಿರಿಯರ ಜತೆ ದುಡಿದು ಕಲಿಯುವ ಮಕ್ಕಳ ಪಾಲು ಸಭೆಗಳ ಈ ಏಣಿಯಲ್ಲಿ ಕಾಣುವುದಿಲ್ಲ. ಆಕ್ಷೇಪ ನ್ಯಾಯವಾದದ್ದು. ಆದರೂ ಕೆಳಗಿನ ಮೂರು ಮೆಟ್ಟಿಲುಗಳನ್ನು ಗುರುತಿಸಲು ಏಣಿ ಇಂದಿಗೂ ಉಪಯುಕ್ತ ಎಂದೇ ನನ್ನ ಅನಿಸಿಕೆ.

ನಿಮ್ಮೂರಿನ ಮಕ್ಕಳ ಗ್ರಾಮಸಭೆಗೆ ಹೋಗುವ ಅವಕಾಶ ಸಿಕ್ಕರೆ ನಡಾವಳಿ ಪುಸ್ತಕ ಕೇಳಿ, ಕಳೆದ ವರ್ಷದ ಪುಟವನ್ನೂ ಈ ವರ್ಷದ ಪುಟವನ್ನೂ ಜೋಡಿಸಿ ನೋಡಿ. ಅದೇ ಹಳ್ಳ, ಅದೇ ಸಂಕ ಎರಡರಲ್ಲೂ ಇದ್ದರೆ, ಅದಕ್ಕೆ ಕಾರಣವೇನೆಂದು ಮಕ್ಕಳಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ವಿಚಾರಿಸಿ.