ಗುಹೆಯಲ್ಲಿ ವಾಸಿಸುವ ಹೆಜ್ಜೇಡ

ರಾತ್ರಿಯ ವೇಳೆ ಅಡಿಗೆಮನೆಯ ಗೋಡೆಯ ಮೇಲೆ ಅಂಗೈಯಗಲದ ಕಂದುಬಣ್ಣದ ಜೇಡವೊಂದು ಸದ್ದಿಲ್ಲದೆ ನಿಂತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಬಲೆ ನೇಯ್ದು ಮೂಲೆಯಲ್ಲಿ ಕಾಯುವ ಜಾತಿ ಅದಲ್ಲ. ದೀಪ ಹಿಡಿದು ಸಮೀಪಿಸಿದೊಡನೆ ಏಡಿಯಂತೆ ಅಡ್ಡಡ್ಡಲಾಗಿ ಓಡಿ ಬಾಗಿಲ ಸಂದಿಯಲ್ಲಿ ಮರೆಯಾಗುತ್ತದೆ. ಪೊರಕೆಗೆ ಕೈಯಿಕ್ಕುವ ಮುನ್ನ ಅದರ ಕುಲವೃತ್ತಾಂತವನ್ನು ಕೊಂಚ ಅರಿಯುವುದು ಲೇಸು. ಏಕೆಂದರೆ ಅದರ ದಾಯಾದಿಯೊಂದು ದೂರದ ಲಾವೋಸ್ ದೇಶದ ಗುಹೆಗಳಲ್ಲಿ ವಾಸಿಸುತ್ತಿದ್ದು, ಕಾಲುಗಳ ಹರವಿನಲ್ಲಿ ಜಗತ್ತಿನ ಜೇಡಗಳಲ್ಲೆಲ್ಲ ದೊಡ್ಡದೆಂದು ಪರಿಗಣಿತವಾಗಿದೆ.

ಲಾವೋಸ್ ದೇಶವು ಥಾಯ್ಲೆಂಡ್ ಮತ್ತು ವಿಯೆಟ್ನಾಂಗಳ ನಡುವೆ, ಮೆಕಾಂಗ್ ಮಹಾನದಿಯ ತಪ್ಪಲಲ್ಲಿರುವುದು. ಅಲ್ಲಿ ಕಾಡು ಕವಿದ ಸುಣ್ಣಕಲ್ಲಿನ ಬೆಟ್ಟಗಳು ಬಹಳ. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು, ಆ ಕಲ್ಲನ್ನು ಯುಗಯುಗಾಂತರಗಳಿಂದ ಕರಗಿಸುತ್ತ ಬಂದಿರುವುದರಿಂದ ಬೆಟ್ಟಗಳ ಒಡಲೊಳಗೆ ದೊಡ್ಡ ಗುಹೆಗಳು ಉಂಟಾಗಿವೆ. ಇಂತಹ ಗುಹೆಗಳೇ ನಮ್ಮ ಹೆಜ್ಜೇಡದ ತವರು.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಸೆಂಕೆನ್‌ಬರ್ಗ್ ವಸ್ತುಸಂಗ್ರಹಾಲಯದ ವಿದ್ವಾಂಸರಾದ ಪೀಟರ್ ಯೇಗರ್ ಎಂಬವರು 2001ನೆಯ ಇಸವಿಯಲ್ಲಿ ಇದನ್ನು ವರ್ಣಿಸಿ, 'ಹೆಟೆರೊಪೋಡಾ ಮ್ಯಾಕ್ಸಿಮಾ' ಎಂದು ಹೆಸರಿಟ್ಟರು. ಮ್ಯಾಕ್ಸಿಮಾ ಎಂದರೆ ಅತ್ಯಂತ ದೊಡ್ಡದು. ಇದರ ಒಡಲು ಎರಡು ಅಂಗುಲಕ್ಕೂ ಕಡಿಮೆಯೇ. ಆದರೆ ಕಾಲು ಚಾಚಿದಾಗ ತುದಿಯಿಂದ ತುದಿಗೆ 30 ಸೆಂಟಿಮೀಟರು, ಎಂದರೆ ಸುಮಾರು ಒಂದಡಿಯಾಗಬಲ್ಲುದು. ಊಟದ ತಟ್ಟೆಯನ್ನು ಅಂಚಿನಿಂದ ಅಂಚಿಗೆ ಮುಚ್ಚುವಷ್ಟು! ತೂಕದಲ್ಲಿ ದಕ್ಷಿಣ ಅಮೆರಿಕದ ಗೋಲಿಯಾತ್ ಜೇಡವೇ ಮಿಗಿಲು. ಹರವಿನಲ್ಲಿ ಮಾತ್ರ ಲಾವೋಸಿನದೇ ಮೇಲುಗೈ.

ನಮ್ಮ ಮನೆಯ ಜೇಡವೂ ಇದೇ ಹೆಟೆರೊಪೋಡಾ ಕುಲಕ್ಕೆ ಸೇರಿದ್ದು. ಅದಕ್ಕೆ 'ಬೇಟೆಗಾತಿ' ಎಂಬರ್ಥದ ವೆನಟೋರಿಯಾ ಎಂಬ ಹೆಸರನ್ನು ಲಿನೀಯಸ್ ಪಂಡಿತನು 1767ರಲ್ಲಿಯೇ ಇಟ್ಟಿದ್ದನು. ಅಂಗೈಯಗಲದ ತಂಗಿಗೆ ಹೆಸರಾದ ಬಳಿಕ, ಒಂದಡಿಯ ಅಕ್ಕನಿಗೆ ನಾಮಕರಣವಾಗಲು 234 ವರ್ಷಗಳು ಬೇಕಾದುವು. ಗುಹೆಯ ಕತ್ತಲೆಯು ಎಷ್ಟನ್ನು ಮರೆಮಾಡಬಲ್ಲುದೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕೆ?

ಕತ್ತಲೆಯ ವಾಸವಾದರೂ ಹೆಜ್ಜೇಡವು ಕುರುಡಲ್ಲ. ಇದರ ಬಂಧುವಾದ ಬೇರೊಂದು ಜೇಡಕ್ಕಾದರೋ ಕಣ್ಣುಗಳೇ ಇಲ್ಲ. ಲಾವೋಸಿನದೇ ಗುಹೆಯಲ್ಲಿ ದೊರೆತ ಆ ಜೇಡವನ್ನು 2012ರಲ್ಲಿ ಯೇಗರರೇ ವರ್ಣಿಸಿದರು. ಬೆಳಕಿಲ್ಲದೆಡೆ ಕಣ್ಣಿನ ಪ್ರಯೋಜನ ತಪ್ಪಿದಾಗ, ತಲೆತಲಾಂತರದಲ್ಲಿ ಆ ಅಂಗವೇ ಅಳಿದುಹೋಗುವುದುಂಟು.

ಇಷ್ಟು ಕಾಲ ಈ ಪ್ರಾಣಿಯನ್ನು ಕಾಪಾಡಿದ್ದು ಅದರ ಅಜ್ಞಾತವಾಸವೆಂದೇ ನಮಗೆ ತೋರುತ್ತದೆ. ಹೆಸರು ಬಂದೊಡನೆ ಬೆಲೆಯೂ ಬರುವುದು. ಅಪೂರ್ವವಾದ ಜೇಡಗಳನ್ನು ಹಣ ತೆತ್ತು ಕೊಂಡು ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಸಿಮೆಂಟಿಗಾಗಿ ಸುಣ್ಣಕಲ್ಲಿನ ಗುಡ್ಡಗಳನ್ನು ಒಡೆಯುವ ಕಾರ್ಯವೂ ಆಗ್ನೇಯ ಏಷ್ಯದಲ್ಲಿ ನಡೆದೇ ಇದೆ. ಕಡಿದ ಕಾಡನ್ನು ಮತ್ತೆ ನೆಡಬಹುದು; ಒಡೆದ ಗುಹೆಯನ್ನು ಕಟ್ಟಿಕೊಡುವವರು ಯಾರು?

ಲಾವೋಸಿನ ಗುಹೆಗಳನ್ನು ಕಾಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಅಡಿಗೆಮನೆಯ ಗೋಡೆ ನಮ್ಮದೇ. ಅಲ್ಲಿನ ಬೇಟೆಗಾತಿಯು ಜಿರಳೆಗಳನ್ನು ಹಿಡಿದು ತಿಂದು ಗೃಹಿಣಿಗೆ ಉಪಕಾರವನ್ನೇ ಮಾಡುತ್ತಾಳೆ. ಹಿಡಿದು ಹಿಂಸಿಸಿದರೆ ಕಚ್ಚಿಯಾಳು; ನೋವಾದೀತು, ಪ್ರಾಣಭಯವಿಲ್ಲ. ಒಮ್ಮೊಮ್ಮೆ ಆಕೆ ಎದೆಯ ಕೆಳಗೆ ಬಿಳಿಯ ಬಿಲ್ಲೆಯೊಂದನ್ನು ಅವುಚಿಕೊಂಡಿರುವುದನ್ನು ಕಾಣಬಹುದು. ಅದು ಮೊಟ್ಟೆಗಳ ಚೀಲ. ಮರಿಗಳು ಹೊರಬರುವ ತನಕ ತಾಯಿಯು ಅದನ್ನು ಹೊತ್ತೇ ತಿರುಗುವಳು. ಅಂತಹವಳು ಕಣ್ಣಿಗೆ ಬಿದ್ದಾಗ ಪೊರಕೆಯನ್ನು ಮೂಲೆಯಲ್ಲಿಯೇ ಬಿಟ್ಟು, ದೀಪವನ್ನು ತುಸು ಹಿಂದಕ್ಕೆ ಸರಿಸಿ, ಆಕೆಯನ್ನು ಅವಳ ದಾರಿಗೆ ಬಿಡಬೇಕೆಂದು ನಮ್ಮ ವಾಚಕರಲ್ಲಿ ಬಿನ್ನವಿಸುತ್ತೇವೆ.