ಕಾಯುವವರ ಕಾಲ

ಗಡಿಯಾರದ ಗಂಟೆಗೆ ಅರುವತ್ತೇ ನಿಮಿಷ. ಸುಖಿಗೆ ಅದು ಐವತ್ತಾಗದು, ದುಃಖಿಗೆ ಎಪ್ಪತ್ತಾಗದು. ಆದರೂ ನಮ್ಮ ಮನಸ್ಸು ಈ ಲೆಕ್ಕವನ್ನು ಒಪ್ಪುವುದಿಲ್ಲ. ಇದರ ಕಾರಣವನ್ನು ವಿಚಾರಿಸುವುದಕ್ಕೆ ಕೇಳುಗರನ್ನು ವಾಡಿ ಜಂಕ್ಷನ್ನಿಗೆ ಕರೆದೊಯ್ಯಬೇಕಾಗಿದೆ.

ಸೊಲ್ಲಾಪುರದ ಕಡೆಯಿಂದ ಶಹಾಬಾದಿನ ಮೇಲೆ ಬರುವ ರೈಲುಹಾದಿ ವಾಡಿಯಲ್ಲಿ ಎರಡಾಗಿ ಒಡೆಯುತ್ತದೆ. ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ. ಈ ಎರಡನೆಯದನ್ನು ನಿಜಾಮರ ಸಂಸ್ಥಾನದಲ್ಲಿ 1874ರಲ್ಲಿ ತೆರೆದರು. ರೈಲು ಬಂದ ಮೇಲೆ ಊರೂರಿನ ಸೂರ್ಯನನ್ನು ನಂಬಿ ಗಾಡಿ ಓಡಿಸುವಂತಿರಲಿಲ್ಲ. 1906ರಲ್ಲಿ ದೇಶಕ್ಕೆ ಏಕರೂಪದ ವೇಳೆ ಜಾರಿಗೆ ಬಂದಿತು. ಮುಂಬಯಿ, ಕಲ್ಕತ್ತೆಗಳು ಮಾತ್ರ ತಮ್ಮ ಹಟವನ್ನು ಇನ್ನೂ ಹಲವು ದಶಕ ಬಿಡಲಿಲ್ಲ. ಆ ವೇಳೆ 82½ ಡಿಗ್ರಿ ರೇಖಾಂಶದ್ದು, ವಾಡಿ ಇರುವುದು 77ರ ಬಳಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸೂರ್ಯನು ಗಡಿಯಾರಕ್ಕಿಂತ ಸರಾಸರಿ 22 ನಿಮಿಷ ಹಿಂದೆ. ಈ ಅಂತರವನ್ನು ಶಾಲೆಯ ಹುಡುಗನೂ ಸರಿಪಡಿಸಬಲ್ಲನು. ಮನಸ್ಸಿನ ಅಂತರಕ್ಕೆ ಅಂಥ ಸುಲಭದ ಗಣಿತವಿಲ್ಲ.

ಸೇಡಮ್ಮಿಗೆ ಹೋಗುವ ಗಾಡಿಗಾಗಿ ವಾಡಿಯಲ್ಲಿ ನಾನು ಎಷ್ಟೋ ಸಲ ಎರಡು ಗಂಟೆ ಕಾದದ್ದುಂಟು. ಮಾಡಲು ಕೆಲಸವಿಲ್ಲದಾಗ ಲಕ್ಷ್ಯವೆಲ್ಲ ಕಾಲದ ಮೇಲೆಯೇ ಬೀಳುತ್ತದೆ, ಕಾಲ ಹಿಗ್ಗುತ್ತದೆ. ಆದರೆ ತಿಂಗಳು ಕಳೆದು ನೆನೆದರೆ ಆ ಎರಡು ಗಂಟೆಗಳು ಒಂದು ಕಲ್ಲುಬೆಂಚು, ಒಂದು ಲೋಟ ಚಹಾ ಇಷ್ಟರಲ್ಲಿಯೇ ಮುಗಿದುಹೋಗಿರುತ್ತವೆ. ಅಮೆರಿಕೆಯ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿಯೇ ಇದನ್ನು ಗುರುತಿಸಿದನು: ಬರಿದಾದ ಕಾಲ ಅನುಭವಿಸುವಾಗ ದೀರ್ಘ, ನೆನೆಯುವಾಗ ಹ್ರಸ್ವ, ಅನುಭವ ತುಂಬಿದ ಕಾಲ ಇದಕ್ಕೆ ವಿಪರೀತ. ರೈಲಿಲ್ಲದ ಚಿಂಚೋಳಿಗೆ ಮೊದಲ ಸಲ ಹೋಗುವವನಿಗೆ ದಾರಿ ಸಾಗದು. ಹಿಂದಿರುಗುವಾಗ ಅದೇ ದಾರಿ ಚಿಕ್ಕದಾಗಿರುತ್ತದೆ.

1962ರಲ್ಲಿ ಮಿಷೆಲ್ ಸಿಫ್ರ್ ಎಂಬ ಫ್ರೆಂಚ್ ತರುಣನು ಗಡಿಯಾರವಿಲ್ಲದೆ ಆಲ್ಪ್ಸ್ ಪರ್ವತದ ಗುಹೆಯೊಂದರಲ್ಲಿ ಸುಮಾರು ಎರಡು ತಿಂಗಳು ವಾಸಿಸಿದನು. ಅವಧಿ ಮುಗಿಯಿತೆಂದು ತಿಳಿಸಿದ ದಿನ ಸೆಪ್ಟೆಂಬರ್ 14. ಅವನ ದಿನಚರಿಯಲ್ಲಿ ಇನ್ನೂ ಆಗಸ್ಟ್ 20. ಗುರುತುಗಳಿಲ್ಲದ ಕತ್ತಲೆಯಲ್ಲಿ 25 ದಿನಗಳು ಲೆಕ್ಕಕ್ಕೇ ಸಿಕ್ಕಲಿಲ್ಲ.

ವಯಸ್ಸಾದಂತೆ ವರ್ಷಗಳು ಓಡುವುದೇಕೆ? ಹತ್ತು ವರ್ಷದ ಬಾಲಕನಿಗೆ ಒಂದು ವರ್ಷವೆಂದರೆ ಬಾಳಿನ ಹತ್ತನೆಯ ಭಾಗ, ನಲವತ್ತೈದರವನಿಗೆ ನಲವತ್ತೈದನೆಯ ಭಾಗ, ಎಂದು 1877ರಲ್ಲಿ ಪಾಲ್ ಜಾನೆ ವಾದಿಸಿದನು. ಲೆಕ್ಕ ಚೆನ್ನಾಗಿದೆ, ಆದರೆ ಇದು ಕಾರಣವಲ್ಲ, ವರ್ಣನೆ ಮಾತ್ರ. ಬಾಲಕನಿಗೆ ದಿನದಿನವೂ ಹೊಸತು, ನಮಗೆ ದಿನಗಳು ಒಂದರೊಳಗೊಂದು ಬೆರೆತುಹೋಗುತ್ತವೆ ಎಂಬ ಜೇಮ್ಸನ ಸಮಾಧಾನವೇ ನನಗೆ ಸರಿಯೆಂದು ತೋರುತ್ತದೆ. ಅದೇ ಪಾಠವನ್ನು ಅದೇ ಟಿಪ್ಪಣಿಯಿಂದ ಹೇಳುವ ಅಧ್ಯಾಪಕನಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಈ ಸಮಾಧಾನಕ್ಕೆ ಒಳಪಡದ ಒಬ್ಬರು ನಮ್ಮ ಮನೆಯಲ್ಲಿಯೇ ಇದ್ದಾರೆ. ಈಚೆಗೆ ಸೇಡಮ್ಮಿನ ಮನೆಯ ಹೊಸ್ತಿಲಲ್ಲಿ ನನ್ನ ತಾಯಿಯವರು, "ಪಂಚಮಿಗಿ ಬಂದಾಂವ ಇವತ್ತ ಬಂದಿ. ಭಾಳ ದಿನಾ ಆತಲ್ಲೋ ಎಪ್ಪಾ" ಎಂದರು. ನನಗೆ ಅದು ಮೊನ್ನೆಯಂತಿತ್ತು. ಅವರ ದಿನಗಳು ನನ್ನವಕ್ಕಿಂತ ಏಕರೀತಿಯವು. ಶಾಸ್ತ್ರದಂತೆ ಆ ಐದು ತಿಂಗಳು ಅವರ ನೆನಪಿನಲ್ಲಿ ಕುಗ್ಗಬೇಕಾಗಿತ್ತು. ಕುಗ್ಗಲಿಲ್ಲ, ಏಕೆಂದರೆ ಅವರು ಎಣಿಸುತ್ತಿದ್ದರು. ಪಂಚಮಿಗೆ ಎಳೆಯದಾಗಿದ್ದ ತೊಗರಿ ಹೂ ಬಿಟ್ಟದ್ದು, ಬನ್ನಿ ಹಂಚಿದ್ದು, ದೀಪಾವಳಿ, ಎಳ್ಳಮಾಸಿಗೆ ಎಲ್ಲರೂ ಹೊಲಕ್ಕೆ ಹೋದದ್ದು, ಒಂದೊಂದನ್ನೂ ನಾನು ಬಾರದ ದಿನವೆಂದು ಗುರುತುಹಾಕಿಟ್ಟಿದ್ದರು. ಇಡೀ ಐದು ತಿಂಗಳು ಅವರಿಗೆ ವಾಡಿಯ ನಿಲ್ದಾಣವಾಗಿತ್ತು.

ಹೊರಡುವಾಗ "ಲಗೂನ ಬರ್ತೀನಿ" ಎಂದೆ. ಅವರು ಗೋಡೆಯ ಕ್ಯಾಲೆಂಡರಿನ ಹಾಳೆ ಎತ್ತಿ, ಯುಗಾದಿ ಎಷ್ಟನೆಯ ತಾರೀಖೆಂದು ನೋಡಿದರು.